ಅಲ್ಟ್ರಾಸೌಂಡ್ ಟೆಕ್ನಿಷಿಯನ್ ಕೋರ್ಸ್: ಸೇರುವ ಮುನ್ನ ಕಾನೂನು ಏನು ಹೇಳುತ್ತದೆ ಗೊತ್ತಾ?

ಚೆನ್ನೈ: ಸೈಕಲ್ ಕಾರ್ಖಾನೆ, ಇಂಡಸ್ಟ್ರಿಯಲ್ ಎಸ್ಟೇಟ್‌ಗಳಿಂದ ಬೆಳೆದ ಅಂಬತ್ತೂರಿನಲ್ಲಿ ಪಾಳಿ ಕೆಲಸಕ್ಕೆ ಹೋಗುವವರ ಮಕ್ಕಳಿಗೆ ಆಸ್ಪತ್ರೆ ಕೆಲಸವೆಂದರೆ ಒಂದು ಮೆಟ್ಟಿಲು ಮೇಲೆ. ಆ ಕನಸಿನ ಪಟ್ಟಿಯಲ್ಲಿ ಈಗ ಅಲ್ಟ್ರಾಸೌಂಡ್ ಟೆಕ್ನಿಷಿಯನ್ ಹೆಸರೂ ಇದೆ. ಅಂತರ್ಜಾಲದಲ್ಲಿ ಹುಡುಕಿದರೆ ಕಣ್ಣಿಗೆ ಬೀಳುವುದು ಅಮೆರಿಕದ ಸಂಬಳ: ಅಲ್ಲಿನ ಸೋನೋಗ್ರಾಫರ್‌ಗಳ ಸರಾಸರಿ ವಾರ್ಷಿಕ ಆದಾಯ 80 ಸಾವಿರ ಡಾಲರ್‌ಗೂ ಹೆಚ್ಚು. ಆದರೆ ಅಲ್ಲಿನ ಕೆಲಸವೇ ಬೇರೆ, ಇಲ್ಲಿನದೇ ಬೇರೆ.

ಅಮೆರಿಕ, ಬ್ರಿಟನ್‌ಗಳಲ್ಲಿ ರೋಗಿಯ ಹೊಟ್ಟೆಯ ಮೇಲೆ ಪ್ರೋಬ್ ಇಟ್ಟು ಸ್ಕ್ಯಾನ್ ಮಾಡುವವರು ಬಹುತೇಕ ವೈದ್ಯರಲ್ಲ, ತರಬೇತಿ ಪಡೆದ ಸೋನೋಗ್ರಾಫರ್‌ಗಳು. ಭಾರತದಲ್ಲಿ ಹೆಣ್ಣು ಭ್ರೂಣ ಹತ್ಯೆ ತಡೆಯಲು 1994ರಲ್ಲಿ ರೂಪಿಸಿ, 2003ರಲ್ಲಿ ಬಿಗಿಗೊಳಿಸಿದ ಪಿಸಿಪಿಎನ್‌ಡಿಟಿ ಕಾಯ್ದೆ ಇದಕ್ಕೆ ಅಡ್ಡ ನಿಂತಿದೆ. ಭ್ರೂಣಲಿಂಗ ಪತ್ತೆಗೆ ಬಳಸಬಹುದಾದ ಯಂತ್ರವಿದ್ದರೆ ಕೇಂದ್ರದ ನೋಂದಣಿ ಕಡ್ಡಾಯ. ಅಲ್ಲಿ ಸ್ಕ್ಯಾನ್ ಮಾಡುವ ಅರ್ಹತೆ ನಿಗದಿತ ವಿದ್ಯಾರ್ಹತೆ ಅಥವಾ ತರಬೇತಿ ಇರುವ ನೋಂದಾಯಿತ ವೈದ್ಯರಿಗೆ ಮಾತ್ರ. 2014ರ ನಿಯಮಗಳಲ್ಲಿರುವ ಆರು ತಿಂಗಳ ತರಬೇತಿ ಕೂಡ ಎಂಬಿಬಿಎಸ್ ಮುಗಿಸಿದವರಿಗೇ ಹೊರತು ಪಿಯುಸಿ ಮುಗಿಸಿದವರಿಗಲ್ಲ. 'ಆರು ತಿಂಗಳ ಸ್ಕ್ಯಾನಿಂಗ್ ಕೋರ್ಸ್' ಎಂದಾಕ್ಷಣ ಶುಲ್ಕ ಕಟ್ಟುವವರು ಗೊಂದಲಕ್ಕೆ ಬೀಳುವುದು ಇಲ್ಲೇ.

ಹಾಗಾದರೆ ಟೆಕ್ನಿಷಿಯನ್‌ಗೆ ಉಳಿಯುವುದೇನು? ರೋಗಿಯನ್ನು ಸಿದ್ಧಪಡಿಸುವುದು, ಯಂತ್ರದ ನಿರ್ವಹಣೆ, ವರದಿ ಟೈಪಿಂಗ್ ಮತ್ತು ಫಾರ್ಮ್ ಎಫ್ ಭರ್ತಿ. ಕೊನೆಯದು ಗುಮಾಸ್ತಿಕೆಯಂತೆ ಕಂಡರೂ ಹಗುರವಲ್ಲ. ಗರ್ಭಿಣಿಯ ಸ್ಕ್ಯಾನ್‌ನ ದಾಖಲೆಯಲ್ಲಿನ ಲೋಪವೂ ಅಪರಾಧವೇ ಎಂಬ ಕಾಯ್ದೆಯ ನಿಲುವನ್ನು ಸುಪ್ರೀಂ ಕೋರ್ಟ್ 2019ರಲ್ಲಿ ಎತ್ತಿಹಿಡಿದಿದೆ. ಕೇಂದ್ರದಲ್ಲಿ ತಾಂತ್ರಿಕ ಸೇವೆ ನೀಡುವ ನೌಕರನೂ ಶಿಕ್ಷೆಯ ವ್ಯಾಪ್ತಿಗೆ ಬರುತ್ತಾನೆ: ಮೊದಲ ಬಾರಿಗೆ 3 ವರ್ಷದವರೆಗೆ, ಮರುಕಳಿಸಿದರೆ 5 ವರ್ಷದವರೆಗೆ ಜೈಲು.

ಕರ್ನಾಟಕದ ಓದುಗರಿಗೆ ಇದು ದೂರದ ಮಾತಲ್ಲ. 2023ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಭೇದಿಸಿದ ಜಾಲವು ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡಿತ್ತು. ಬಂಧಿತರಲ್ಲಿ ವೈದ್ಯರ ಜೊತೆ ಲ್ಯಾಬ್ ಟೆಕ್ನಿಷಿಯನ್‌ಗಳೂ ಇದ್ದರು. ತನಿಖೆ ಸಿಐಡಿಗೆ ಹೋಯಿತು. ಬೆಲ್ಲ ಕಾಯಿಸುವ ಜಾಗಕ್ಕೂ ಸಾಗಿಸಬಹುದಾದಷ್ಟು ಯಂತ್ರ ಚಿಕ್ಕದಾಗಿರುವಾಗ ಕಾನೂನು ಸದ್ಯಕ್ಕೆ ಸಡಿಲವಾಗುವ ಲಕ್ಷಣವಿಲ್ಲ.

ವೃತ್ತಿಗೆ ದಾರಿಯೇ ಇಲ್ಲ ಎಂದೇನಲ್ಲ. ತಮಿಳುನಾಡಿನ ಎಂಜಿಆರ್ ವೈದ್ಯಕೀಯ ವಿವಿ, ಕರ್ನಾಟಕದ ರಾಜೀವ್ ಗಾಂಧಿ ಆರೋಗ್ಯ ವಿವಿಗಳ ಅಡಿಯಲ್ಲಿ ಇಮೇಜಿಂಗ್ ಪದವಿಗಳಿವೆ. ಎಕ್ಸ್‌ರೇ, ಸಿಟಿ, ಎಂಆರ್‌ಐ ಕಲಿತವರು ಅಲ್ಲಿ ಯಂತ್ರವನ್ನು ತಾವೇ ನಡೆಸುತ್ತಾರೆ. ಹೃದಯದ ಎಕೋ ಪರೀಕ್ಷೆಯಲ್ಲೂ ಕಾರ್ಡಿಯಾಕ್ ಟೆಕ್ನಾಲಜಿ ಓದಿದವರಿಗೆ ಹೃದ್ರೋಗ ತಜ್ಞರ ಉಸ್ತುವಾರಿಯಲ್ಲಿ ಕೆಲಸವಿದೆ. ಅಲ್ಟ್ರಾಸೌಂಡ್ ಒಂದನ್ನೇ ನಂಬಿ ಹೊರಟವರದ್ದೇ ಕಷ್ಟ.

ಕೇಂದ್ರದ 2021ರ ಅಲೈಡ್ ಹೆಲ್ತ್‌ಕೇರ್ ವೃತ್ತಿಪರರ ಕಾಯ್ದೆಯಂತೆ ಡಿಪ್ಲೊಮಾ ಅಥವಾ ಪದವಿ ಎರಡರಿಂದ ನಾಲ್ಕು ವರ್ಷಗಳ ಅವಧಿಯಲ್ಲಿ ಕನಿಷ್ಠ 2,000 ಗಂಟೆಗಳದ್ದಾಗಿರಬೇಕು. ಕೆಲವೇ ತಿಂಗಳ ಸರ್ಟಿಫಿಕೇಟ್ ಈ ಅಳತೆಗೆ ನಿಲ್ಲುವುದಿಲ್ಲ. ವಿದೇಶಕ್ಕೆ ಹಾರುವ ಆಸೆಗೂ ಇದೇ ತೊಡಕು: ಅಲ್ಲಿನ ಪರೀಕ್ಷಾ ಸಂಸ್ಥೆಗಳು ಕೇಳುವುದು ಕೈಯಾರೆ ಸ್ಕ್ಯಾನ್ ಮಾಡಿದ ಅನುಭವ, ಇಲ್ಲಿನ ಕಾನೂನು ಟೆಕ್ನಿಷಿಯನ್‌ಗೆ ಕೊಡದಿರುವುದೂ ಅದನ್ನೇ. ಶುಲ್ಕ ಕಟ್ಟುವ ಮುನ್ನ ಅಂಬತ್ತೂರಿನ ವಿದ್ಯಾರ್ಥಿಯಾಗಲಿ ಕೋಲಾರದವರಾಗಲಿ ಕೇಳಬೇಕಾದ್ದು ಎರಡೇ: ಸರ್ಟಿಫಿಕೇಟ್ ಕೊಡುವ ವಿವಿ ಯಾವುದು, ಹಿಂದಿನ ಬ್ಯಾಚಿನವರು ಯಾವ ಆಸ್ಪತ್ರೆಯಲ್ಲಿ ಏನು ಕೆಲಸ ಮಾಡುತ್ತಿದ್ದಾರೆ.