ಯಂತ್ರ ಬರೆದದ್ದನ್ನು ಅಳೆಯುವವರು ಯಾರು?

ಸಿ.ಇ.ಟಿ. ಫಲಿತಾಂಶ ಹೊರಬಿದ್ದರೆ ಸಾಕು, ಮದ್ದೂರು, ಮಳವಳ್ಳಿ, ಮಂಡ್ಯದ ಕಡೆ ಮನೆಮನೆಯಲ್ಲೂ ಒಂದೇ ಮಾತು: ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕೀತೇ? ಈಗ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ. ಪ್ರೋಗ್ರಾಂ ಬರೆಯುವ ಕೆಲಸವನ್ನು ಯಂತ್ರವೇ ಮಾಡುವುದಾದರೆ, ಕಬ್ಬಿನ ಹಣವನ್ನೆಲ್ಲ ಸುರಿದು ಮಗನನ್ನೋ ಮಗಳನ್ನೋ ಅದನ್ನೇ ಓದಿಸುವುದು ಸರಿಯೇ? ಶಿಂಷಾ ದಂಡೆಯ ವೈದ್ಯನಾಥಪುರದಂಥ ಊರಿನಿಂದ ಮದ್ದೂರಿಗೆ ಬಂದು ರೈಲು ಹಿಡಿಯುವ ವಿದ್ಯಾರ್ಥಿಗೆ ಇದು ಒಣ ಚರ್ಚೆಯಲ್ಲ. ನಾಲ್ಕು ವರ್ಷಗಳ ದುಡಿಮೆಯ ಪ್ರಶ್ನೆ.

ತಂತ್ರಾಂಶ ಬರೆಯುವವರ ನಡುವೆ ಇಂದು ಎರಡು ವಾದಗಳು ಜೋರಾಗಿ ನಡೆದಿವೆ. ಒಂದು, ಕೃತಕ ಬುದ್ಧಿಮತ್ತೆಯ ಕೈಗೆ ಪ್ರೋಗ್ರಾಂ ಬರವಣಿಗೆಯನ್ನು ಎಷ್ಟರಮಟ್ಟಿಗೆ ಒಪ್ಪಿಸಬಹುದು ಎಂಬುದು. ಇನ್ನೊಂದು, ಜನ ಮಾತುಕತೆಯಾಡುವ ಸಾಮಾಜಿಕ ಜಾಲತಾಣ ಒಬ್ಬನೇ ಒಡೆಯನ ಕೈಯಲ್ಲಿರಬೇಕೇ, ಹಲವರಿಗೆ ಹಂಚಿಹೋಗಬೇಕೇ ಎಂಬುದು. ಮೇಲುನೋಟಕ್ಕೆ ಎರಡೂ ಬೇರೆ ಬೇರೆ. ಆದರೆ ಬುಡದಲ್ಲಿ ಎರಡಕ್ಕೂ ಬೇಕಾದ ವಿದ್ಯೆ ಒಂದೇ.

ಅದನ್ನು ಅರಿಯಲು ನಾಲಾ ಬಯಲನ್ನೇ ನೋಡಬಹುದು. ಯಾರ ಗದ್ದೆಗೆ ಯಾವಾಗ, ಎಷ್ಟು ಹೊತ್ತು ನೀರು ಎಂಬುದಕ್ಕೆ ಅಲ್ಲಿ ಸರದಿಯಿದೆ. ನೀರಗಂಟಿ ಬದಲಾಗಬಹುದು, ಸರದಿಯ ಕಟ್ಟಳೆ ಉಳಿಯುತ್ತದೆ. ಗಣಕಗಳು ಪರಸ್ಪರ ವ್ಯವಹರಿಸಲು ಮಾಡಿಕೊಂಡ ಇಂಥ ಕಟ್ಟಳೆಗೇ ಪ್ರೋಟೋಕಾಲ್ ಎಂದು ಹೆಸರು. ಒಂದು ಕಂಪನಿಯ ಇ-ಮೇಲ್ ಇಟ್ಟುಕೊಂಡವರು ಇನ್ನೊಂದು ಕಂಪನಿಯ ವಿಳಾಸಕ್ಕೆ ಪತ್ರ ಕಳಿಸಲು ಸಾಧ್ಯವಾಗಿರುವುದು ಇದರಿಂದಲೇ. ಆ ಕಟ್ಟಳೆ 1982ರಲ್ಲೇ ಬರಹರೂಪಕ್ಕೆ ಬಂದಿತ್ತು. ಅದರ ಪಠ್ಯವನ್ನು ಯಾರು ಬೇಕಾದರೂ ಕಾಸಿಲ್ಲದೆ ಓದಬಹುದು.

ಕಟ್ಟಳೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದು ಕನ್ನಡಿಗರಿಗೆ ಚೆನ್ನಾಗಿ ಗೊತ್ತು. 1990ರ ದಶಕದಲ್ಲಿ ಡಿ.ಟಿ.ಪಿ. ಅಂಗಡಿಯಲ್ಲಿ ದುಡಿದ ಪೋಷಕರಿಗೆ ಅದು ನೆನಪಿರುತ್ತದೆ. ಒಂದು ತಂತ್ರಾಂಶದಲ್ಲಿ ಟೈಪ್ ಮಾಡಿದ ಲಗ್ನಪತ್ರಿಕೆಯನ್ನು ಇನ್ನೊಂದರಲ್ಲಿ ತೆರೆದರೆ ಅರ್ಥವಾಗದ ಚಿಹ್ನೆಗಳ ರಾಶಿ. ಅಕ್ಷರಗಳಿಗೆ ಒಬ್ಬೊಬ್ಬ ತಯಾರಕರೂ ತಮ್ಮದೇ ಸಂಕೇತ ಕೊಟ್ಟಿದ್ದರು. ಇಂಗ್ಲಿಷ್ ಕೀಲಿಮಣೆಯಲ್ಲೇ ಕನ್ನಡವನ್ನು ಉಚ್ಚಾರಣೆಗೆ ಹೊಂದುವಂತೆ ಮೂಡಿಸುವ ವಿನ್ಯಾಸವನ್ನು ಕೆ.ಪಿ. ರಾವ್ ರೂಪಿಸಿದರು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಮೂಲಕ ಅದು ಸರ್ಕಾರಿ ಕಚೇರಿಗಳಿಗೂ ತಲುಪಿತು. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತಪಟ್ಟಿ ಒದಗಿಸುವ ಯೂನಿಕೋಡ್ 1991ರಲ್ಲಿ ಬಂದಾಗ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಬಳಕೆಗೆ ಬರಲು ವರ್ಷಗಳೇ ಹಿಡಿದವು. ಇಂದು ಒಂದು ಫೋನಿನಲ್ಲಿ ಬರೆದ ‘ಅಮ್ಮ’ ಇನ್ನೊಂದು ಫೋನಿಗೆ ‘ಅಮ್ಮ’ ಎಂದೇ ತಲುಪುತ್ತಿದ್ದರೆ, ಅದರ ಹಿಂದೆ ಈ ಒಮ್ಮತವಿದೆ.

ಅಕ್ಷರಕ್ಕೆ ಒದಗಿದ ಈ ಭಾಗ್ಯ ಜಾಲತಾಣಗಳಿಗೆ ಒದಗಿಲ್ಲ. ಬೆಂಗಳೂರಿನಲ್ಲಿ 2020ರಲ್ಲಿ ಹುಟ್ಟಿದ ‘ಕೂ’ ಮೊದಲು ಕಾಲಿಟ್ಟದ್ದು ಕನ್ನಡದಲ್ಲಿ. ಒಂದು ಹಂತದಲ್ಲಿ ದಿನಕ್ಕೆ ಸುಮಾರು 21 ಲಕ್ಷ ಮಂದಿ ಅದನ್ನು ಬಳಸುತ್ತಿದ್ದರೆಂದು ಸ್ಥಾಪಕರೇ ಹೇಳಿದ್ದರು. ಬೇರೆ ಸಂಸ್ಥೆಗಳೊಡನೆ ನಡೆಸಿದ ಮಾತುಕತೆ ಫಲಿಸದೆ 2024ರ ಜುಲೈನಲ್ಲಿ ಅದನ್ನು ಮುಚ್ಚುವುದಾಗಿ ಪ್ರಕಟಿಸಿದರು. ಅಂಗಡಿ ಮುಚ್ಚುವುದು ವ್ಯಾಪಾರದಲ್ಲಿ ಇದ್ದದ್ದೇ. ಆದರೆ ಅಲ್ಲಿ ಕಟ್ಟಿಕೊಂಡಿದ್ದ ಕನ್ನಡ ಬಳಗವನ್ನು ಹಾಗೆಯೇ ಇನ್ನೊಂದು ತಾಣಕ್ಕೆ ಒಯ್ಯುವ ದಾರಿ ಬಳಕೆದಾರರಿಗೆ ಇರಲಿಲ್ಲ.

ಈ ತೊಡಕನ್ನು ಬಿಡಿಸಲು ಹೊರಟ ಕಟ್ಟಳೆಗಳಲ್ಲಿ ಎರಡು ಮುಖ್ಯ. ಜಾಲದ ಮಾನಕಗಳನ್ನು ರೂಪಿಸುವ ಅಂತಾರಾಷ್ಟ್ರೀಯ ಒಕ್ಕೂಟ 2018ರ ಜನವರಿಯಲ್ಲಿ ಒಪ್ಪಿದ ‘ಆಕ್ಟಿವಿಟಿಪಬ್’ ಒಂದು. ಮಾಸ್ಟಡಾನ್ ಇದನ್ನು ಅನುಸರಿಸುತ್ತದೆ. ಇಲ್ಲಿ ಯಾರು ಬೇಕಾದರೂ ತಮ್ಮದೇ ಸರ್ವರ್ ನಡೆಸಬಹುದು, ಒಂದರಲ್ಲಿರುವವರು ಇನ್ನೊಂದರಲ್ಲಿರುವವರೊಡನೆ ಮಾತಾಡಬಹುದು. ಆದರೆ ಬಳಕೆದಾರರ ವಿಳಾಸ ಆ ಸರ್ವರಿಗೇ ಅಂಟಿಕೊಂಡಿರುತ್ತದೆ. ಬ್ಲೂಸ್ಕೈ ಬಳಸುವ ‘ಎ.ಟಿ. ಪ್ರೋಟೋಕಾಲ್’ ಇನ್ನೊಂದು. ಗುರುತನ್ನೂ ಬರಹಗಳನ್ನೂ ಸರ್ವರಿನಿಂದ ಬಿಡಿಸಿ, ಬೇಕೆಂದಾಗ ಬೇರೆಡೆಗೆ ಒಯ್ಯಲು ಆಗುವಂತೆ ಇದನ್ನು ರೂಪಿಸಲಾಗಿದೆ.

2024ರ ನವೆಂಬರಿನಲ್ಲಿ ಬ್ಲೂಸ್ಕೈ ಬಳಕೆದಾರರ ಸಂಖ್ಯೆ ಎರಡು ಕೋಟಿ ದಾಟಿತು. ಆಗ ಆಕ್ಟಿವಿಟಿಪಬ್‌ನ ಕರ್ತೃಗಳಲ್ಲಿ ಒಬ್ಬರಾದ ಕ್ರಿಸ್ಟೀನ್ ಲೆಮರ್-ವೆಬರ್ ದೀರ್ಘ ವಿಮರ್ಶೆ ಬರೆದರು. ಕಾಗದದ ಮೇಲೆ ಹಂಚಿಕೆಯಾದಂತೆ ಕಂಡರೂ, ಇಡೀ ಜಾಲವನ್ನು ನಡೆಸುವ ಭಾರ ಹೊರಬಲ್ಲವರು ವಾಸ್ತವದಲ್ಲಿ ಕೆಲವೇ ಮಂದಿ ಎಂಬುದು ಅವರ ವಾದದ ತಿರುಳು. ಬ್ಲೂಸ್ಕೈನ ಬ್ರಯಾನ್ ನ್ಯೂಬೋಲ್ಡ್ ಗೌರವದಿಂದಲೇ, ವಿವರವಾಗಿ ಉತ್ತರಿಸಿದರು. ಇಬ್ಬರ ಕೈಯಲ್ಲೂ ಕಟ್ಟಳೆಯ ಪಠ್ಯವಿತ್ತು. ಆದ್ದರಿಂದ ಅದು ಕೂಗಾಟವಾಗದೆ ಚರ್ಚೆಯಾಯಿತು.

ಇನ್ನು ಮೊದಲ ವಾದ. ಯಂತ್ರ ಬರೆದ ಕೊಡುಗೆಗಳೇ ಬೇಡವೆಂದು ಲಿನಕ್ಸ್ ಬಳಗದ ಜೆಂಟೂ 2024ರ ಏಪ್ರಿಲ್‌ನಲ್ಲಿ ನಿರ್ಧರಿಸಿತು. ಯಂತ್ರವನ್ನು ಅಪ್ಪಿಕೊಂಡವರೂ ಇದ್ದಾರೆ. ಮೆಟರ್ ಎಂಬ ಸಂಸ್ಥೆ 2025ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಬ್ಬರಿಗೂ ಪಾಠ ಹೇಳುತ್ತದೆ. 16 ಮಂದಿ ಅನುಭವಿಗಳು ತಾವು ಪಳಗಿದ ಯೋಜನೆಗಳಲ್ಲೇ 246 ಕೆಲಸಗಳನ್ನು ಮಾಡಿದರು; ಕೆಲವಕ್ಕೆ ಯಂತ್ರದ ನೆರವು ಇತ್ತು, ಕೆಲವಕ್ಕೆ ಇರಲಿಲ್ಲ. ನೆರವಿದ್ದಾಗ ಶೇ. 19ರಷ್ಟು ಹೆಚ್ಚು ಸಮಯ ಹಿಡಿಯಿತು. ಸೋಜಿಗವೆಂದರೆ, ಕೆಲಸ ಮುಗಿದ ಮೇಲೂ ಅವರು ಸಮಯ ಶೇ. 20ರಷ್ಟು ಉಳಿಯಿತೆಂದೇ ನಂಬಿದ್ದರು. ಇದು ಸಣ್ಣ ಗುಂಪಿನ, ಆ ಹೊತ್ತಿನ ಉಪಕರಣಗಳ ಲೆಕ್ಕ. ಎಲ್ಲರಿಗೂ ಎಲ್ಲ ಕಾಲಕ್ಕೂ ಅನ್ವಯಿಸಬೇಕಿಲ್ಲ. ಆದರೂ ಕೆಲಸ ಸಲೀಸಾಗಿ ಸಾಗುತ್ತಿದೆ ಎಂಬ ಭಾವನೆ ಬೇರೆ, ಗಡಿಯಾರ ತೋರಿಸುವ ಸತ್ಯ ಬೇರೆ ಎಂಬುದು ಸ್ಪಷ್ಟ.

ಎರಡು ವಾದಗಳೂ ಕೂಡುವ ಜಾಗವೊಂದಿದೆ. ಗುಪ್ತಪದವನ್ನು ಬಿಟ್ಟುಕೊಡದೆಯೇ ಒಂದು ತಾಣದ ಮೂಲಕ ಇನ್ನೊಂದನ್ನು ಪ್ರವೇಶಿಸಲು ‘ಓಆತ್’ ಎಂಬ ಕಟ್ಟಳೆ ಬಳಕೆಯಲ್ಲಿದೆ. ಕ್ಲೌಡ್‌ಫ್ಲೇರ್ ಕಂಪನಿಯ ಎಂಜಿನಿಯರುಗಳು ಅದಕ್ಕೆ ಬೇಕಾದ ಪ್ರೋಗ್ರಾಮನ್ನು ಬಹುಪಾಲು ‘ಕ್ಲಾಡ್’ ಎಂಬ ಯಂತ್ರದಿಂದಲೇ ಬರೆಸಿ, ಅದಕ್ಕೆ ಕೊಟ್ಟ ಸೂಚನೆಗಳ ಸಮೇತ 2025ರಲ್ಲಿ ಬಹಿರಂಗಪಡಿಸಿದರು. ಬಲ್ಲವರು ಸಾಲುಸಾಲನ್ನೂ ಕಟ್ಟಳೆಯ ಪಠ್ಯದೊಂದಿಗೆ ತಾಳೆ ನೋಡಿದ್ದಾರೆಂದೂ ತಿಳಿಸಿದರು. ಹಾಗಿದ್ದೂ ಒಂದು ತಪ್ಪು ನುಸುಳಿತ್ತು. ಅನುಮತಿಯ ಉತ್ತರವನ್ನು ಮೊದಲೇ ನೋಂದಾಯಿಸಿದ ವಿಳಾಸಕ್ಕೆ ಮಾತ್ರ ಕಳಿಸಬೇಕು. ಆ ಪರೀಕ್ಷೆಯೇ ಸರಿಯಾಗಿ ಆಗುತ್ತಿರಲಿಲ್ಲ. ಅದನ್ನು ಹಿಡಿದು ತಿದ್ದಲಾಯಿತು. ಅದು ತಪ್ಪೆಂದು ತೀರ್ಮಾನಿಸಲು ಆಧಾರವಾದದ್ದು ಕಟ್ಟಳೆ. ಕಟ್ಟಳೆಯನ್ನು ಓದಿ ಅರಗಿಸಿಕೊಂಡ ಮನುಷ್ಯರು.

ಆಳು ಮಾಡಿದ್ದು ಹಾಳು ಎಂಬ ಗಾದೆಯಿದೆ. ದೋಷ ಆಳಿನದಲ್ಲ, ಬದುವಿನ ಮೇಲೆ ನಿಂತು ನೋಡದವನದು. ಯಂತ್ರಕ್ಕೂ ಈ ಮಾತು ಸಲ್ಲುತ್ತದೆ. ಆದರೆ ನಿಂತು ನೋಡಬೇಕಾದವನಿಗೆ ಬೇಸಾಯ ಗೊತ್ತಿರಬೇಕಷ್ಟೇ. ಮೊದಲ ವರ್ಷದಿಂದಲೇ ಪ್ರಯೋಗಾಲಯದ ಪ್ರೋಗ್ರಾಮನ್ನು ಯಂತ್ರದಿಂದ ಬರೆಸಿಕೊಂಡು ಅಂಕ ಪಡೆದ ವಿದ್ಯಾರ್ಥಿಗೆ ನಾಲ್ಕನೇ ವರ್ಷ ಪದವಿ ಸಿಕ್ಕೀತು, ಕಣ್ಣು ಪಳಗಿರುವುದಿಲ್ಲ.

ಹಾಗೆಂದು ಯಂತ್ರವನ್ನು ಮುಟ್ಟಲೇಬಾರದೆಂದಲ್ಲ. ವಿದ್ಯಾರ್ಥಿಯು ಇ-ಮೇಲಿನದೋ ಆಕ್ಟಿವಿಟಿಪಬ್‌ನದೋ ಕಟ್ಟಳೆಯ ಒಂದು ಸಣ್ಣ ಭಾಗವನ್ನು ಆರಿಸಿಕೊಳ್ಳಲಿ. ಇಂಥ ಪಠ್ಯಗಳಲ್ಲಿ ‘ಮಾಡಲೇಬೇಕು’ ಮತ್ತು ‘ಮಾಡುವುದು ಒಳಿತು’ ಎಂಬ ಎರಡು ಬಗೆಯ ಮಾತುಗಳಿಗೆ ಬೇರೆ ಬೇರೆ ತೂಕವಿದೆ. ಮೊದಲ ಬಗೆಯವನ್ನು ನೋಟ್‌ಬುಕ್ಕಿನಲ್ಲಿ ಪಟ್ಟಿಮಾಡಿ, ಅಷ್ಟಕ್ಕೆ ಸ್ವಂತ ಕೈಯಿಂದ ಪ್ರೋಗ್ರಾಂ ಬರೆಯಲಿ. ಆಮೇಲೆ ಅದನ್ನೇ ಯಂತ್ರದಿಂದ ಬರೆಸಿ, ಎರಡನ್ನೂ ಪಟ್ಟಿಯ ಎದುರಿಟ್ಟು ಸಾಲುಸಾಲಾಗಿ ಅಳೆಯಲಿ. ಯಂತ್ರ ಬಿಟ್ಟದ್ದೇನು, ತಾನು ಬಿಟ್ಟದ್ದೇನು ಎಂಬುದು ಅಲ್ಲೇ ಗೊತ್ತಾಗುತ್ತದೆ. ವಾರಕ್ಕೆ ಒಂದು ಪುಟವಾದರೂ ಸಾಕು.

ಪೋಷಕರ ಪಾಲಿನ ಕೆಲಸಕ್ಕೆ ಗಣಕದ ಜ್ಞಾನವೇನೂ ಬೇಡ. ರಜೆಗೆ ಊರಿಗೆ ಬಂದ ಮಗನನ್ನೋ ಮಗಳನ್ನೋ ಎದುರು ಕೂರಿಸಿಕೊಂಡು, “ನೀನು ಮಾಡಿದ ಪ್ರೋಗ್ರಾಂ ಏನು ಮಾಡುತ್ತೆ? ಎಲ್ಲಿ ಕೆಡಬಹುದು? ಕೆಟ್ಟರೆ ಯಾರಿಗೆ ತೊಂದರೆ?” ಎಂದು ಕನ್ನಡದಲ್ಲೇ ಕೇಳಿದರಾಯಿತು. ತಡವರಿಸದೆ ವಿವರಿಸಿದರೆ ವಿದ್ಯೆ ಕೈಹಿಡಿಯುತ್ತಿದೆ ಎಂದರ್ಥ. ಕಂಪ್ಯೂಟರ್ ಸೈನ್ಸ್ ಓದಿದರೆ ಕೆಲಸ ಖಂಡಿತ ಎಂದು ಇಂದು ಯಾರೂ ಬರೆದುಕೊಡಲಾರರು. ಆದರೆ ಯಂತ್ರ ಬರೆಯುವುದು ಹೆಚ್ಚಿದಷ್ಟೂ ಅದನ್ನು ಅಳೆಯಬಲ್ಲವರ ಅಗತ್ಯವೂ ಹೆಚ್ಚುತ್ತದೆ. ಆ ಅಳತೆಯನ್ನು ಕಲಿಯುವ ಮನಸ್ಸಿದ್ದವರು ಧೈರ್ಯವಾಗಿ ಸೀಟು ಹಿಡಿಯಬಹುದು. ಬರೀ ಸುಲಭದ ದಾರಿಯೆಂದು ಹೊರಟವರು ಶುಲ್ಕ ಕಟ್ಟುವ ಮುನ್ನ ಇನ್ನೊಮ್ಮೆ ಯೋಚಿಸುವುದು ಲೇಸು.