ಕಥೆಗೆ ನೀತಿ ಕೇಳಬೇಡಿ, ಜಗಳ ಎಲ್ಲಿದೆ ಕೇಳಿ

ಕಥೆ ಓದಿ ಮುಗಿಸಿದ ಮಗುವಿಗೆ ಶಾಲೆಯಲ್ಲಿ, ಮನೆಯಲ್ಲಿ ಬೀಳುವ ಮೊದಲ ಪ್ರಶ್ನೆ: 'ಇದರ ನೀತಿ ಏನು?' ಪಂಚತಂತ್ರದ ನರಿ, ಮೊಲಕ್ಕೆ ಈ ಪ್ರಶ್ನೆ ಸರಿ. ದೊಡ್ಡ ಕಥೆಗೂ ಇದನ್ನೇ ಕೇಳಿದರೆ ಕಥೆಯ ಕತ್ತು ಹಿಸುಕಿದ ಹಾಗೆ ಅಂತ ನಾವು ಹೇಳುತ್ತೇವೆ.

ಒಂದು ಉದಾಹರಣೆ ನೋಡಿ. ನಮ್ಮ ಪಕ್ಕದ ನಂಜನಗೂಡು ತಾಲ್ಲೂಕಿನ ದೇವನೂರ ಮಹಾದೇವ ಅವರ 'ಒಡಲಾಳ'. ಸಾಕವ್ವನ ಹುಂಜ ಕಳೆದುಹೋಗಿದೆ. ಅವಳು ಅದನ್ನು ಹುಡುಕುತ್ತಾಳೆ, ಬಯ್ಯುತ್ತಾಳೆ, ಮಕ್ಕಳ ಜೊತೆ ಪಾಲಿನ ವಿಷಯಕ್ಕೆ ಕಿತ್ತಾಡುತ್ತಾಳೆ. ರಾತ್ರಿ ಸಾಹುಕಾರನ ಕಡಲೆಕಾಯಿ ಮೂಟೆ ಕದ್ದು ಮನೆಗೆ ಬರುತ್ತದೆ. ಇಡೀ ಮನೆ ಸುತ್ತ ಕೂತು ತಿನ್ನುತ್ತದೆ. ಆಮೇಲೆ ಪೊಲೀಸರು ಬರುತ್ತಾರೆ.

ಈಗ ಹೇಳಿ, ಇದರ ನೀತಿ ಏನು? 'ಕದಿಯಬಾರದು' ಅಂತ ಬರೆದರೆ ಮಾರ್ಕ್ಸ್ ಬರಬಹುದು. ಆದರೆ ಹಾಗೆ ಬರೆದವನು ಕಥೆ ಓದಿಲ್ಲ, ಪೊಲೀಸ್ ಕಂಪ್ಲೇಂಟ್ ಓದಿದ್ದಾನೆ. ಆ ರಾತ್ರಿ ಆ ಮನೆಯವರು ಎಷ್ಟು ಖುಷಿಯಾಗಿದ್ದರು ಅನ್ನೋದು ಅವನ ಕಣ್ಣಿಗೆ ಬೀಳಲೇ ಇಲ್ಲ. ಒಂದು ಹುಂಜಕ್ಕಾಗಿ ಊರೆಲ್ಲ ಅಲೆಯುವ ಬಡತನ ಒಂದು ಕಡೆ, ಮೂಟೆಗಟ್ಟಲೆ ಕೂಡಿಟ್ಟ ಸಾಹುಕಾರ, ಅವನ ಮೂಟೆ ಹುಡುಕಿಕೊಂಡು ಬರುವ ಸರ್ಕಾರ ಇನ್ನೊಂದು ಕಡೆ. ಸಂಘರ್ಷ ಇರೋದು ಅಲ್ಲಿ. ಹಸಿವಿಗೂ ಕಾನೂನಿಗೂ ನಡುವೆ. ಆ ಸಂಘರ್ಷ ಹಿಡಿದರೆ ಕಥೆಯ ಆಶಯ ತಾನಾಗಿ ಕೈಗೆ ಬರುತ್ತದೆ, ಗೈಡ್ ಬೇಕಾಗಿಲ್ಲ.

ಸಂಘರ್ಷ ಅಂದ ಕೂಡಲೇ ನಮ್ಮ ಎಚ್.ಡಿ. ಕೋಟೆ ಕಡೆ ಆನೆ ನೆನಪಾಗುತ್ತದೆ. ಅರಣ್ಯ ಇಲಾಖೆಯವರು 'ಮಾನವ-ವನ್ಯಜೀವಿ ಸಂಘರ್ಷ' ಅಂತ ಹೇಳಿ ಹೇಳಿ ಆ ಪದ ಹಾಗಾಗಿದೆ. ಸರಿ, ಆನೆಯನ್ನೇ ತಗೊಳ್ಳಿ. ಪೇಪರ್‌ನಲ್ಲಿ 'ಆನೆ ದಾಳಿ, ರೈತನಿಗೆ ಗಾಯ' ಅಂತ ನಾಲ್ಕು ಸಾಲು ಬರುತ್ತದೆ. ಸುದ್ದಿಗೆ ಅಷ್ಟು ಸಾಕು. ಕಥೆಗಾರ ಅದಕ್ಕೂ ಹಿಂದಿನ ಗಂಟೆಗೆ ಹೋಗುತ್ತಾನೆ. ಹೆಂಡತಿ 'ಇವತ್ತು ಕಾವಲಿಗೆ ಹೋಗಬ್ಯಾಡಿ' ಅಂದಿದ್ದಾಳೆ. ಹೋಗದಿದ್ದರೆ ಬೆಳೆ ಹೋಗುತ್ತದೆ, ಸೊಸೈಟಿ ಸಾಲ ಉಳಿಯುತ್ತದೆ. ಟಾರ್ಚ್ ಹಿಡಿದು ಹೊಸಿಲಲ್ಲಿ ನಿಂತವನ ಎದೆಯೊಳಗೆ ಏನು ನಡೆಯಿತು? ಆನೆ ಇನ್ನೂ ಕಾಡು ಬಿಟ್ಟೇ ಇಲ್ಲ, ಕಥೆ ಆಗಲೇ ಶುರುವಾಗಿದೆ.

ಹೊಡೆದಾಟವೇ ಇಲ್ಲದ ಕಥೆಯಲ್ಲೂ ಸಂಘರ್ಷ ಇರುತ್ತದೆ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ 1916ರಲ್ಲಿ ಹುಟ್ಟಿದ ಚದುರಂಗರ 'ಉಯ್ಯಾಲೆ'ಯಲ್ಲಿ ಗಂಡ ಪುಸ್ತಕದಲ್ಲಿ ಮುಳುಗಿದವನು, ಹೆಂಡತಿಯ ಮನಸ್ಸು ಮನೆಗೆ ಬಂದ ಇನ್ನೊಬ್ಬನ ಕಡೆ ತೂಗುತ್ತದೆ. ಯಾರೂ ಯಾರಿಗೂ ಕೈ ಮಾಡುವುದಿಲ್ಲ. ಜಗಳ ಪೂರ್ತಿ ಅವಳ ಒಳಗೆ. ಇದನ್ನು 'ಕೆಟ್ಟ ಹೆಂಗಸಿನ ಕಥೆ' ಅಂತ ಅರಳಿಕಟ್ಟೆಯಲ್ಲಿ ಎರಡು ಮಾತಿಗೆ ಮುಗಿಸುವವರು ಇದ್ದಾರೆ. ತ್ರಿವೇಣಿಯವರ 'ಶರಪಂಜರ'ಕ್ಕೂ ಅದೇ ಗತಿ: 'ಹುಚ್ಚು ಹಿಡಿದವಳ ಕಥೆ' ಅಂತಾರೆ. ಕಾವೇರಿ ವಾಸಿಯಾಗಿ ಮನೆಗೆ ಬಂದ ಮೇಲೆ ಮನೆಯವರು, ನೆರೆಯವರು ಅವಳನ್ನು ನೋಡಿದ ರೀತಿ ಇದೆಯಲ್ಲ, ಕಥೆ ಅಲ್ಲಿದೆ. ಅಂಥ ಒಬ್ಬಳು ನಿಮ್ಮ ಬೀದಿಯಲ್ಲೂ ಇರಬಹುದು.

ಇನ್ನೂ ಒಂದು ಚಾಳಿ ಈಚೆಗೆ ಜೋರಾಗಿದೆ. ಕಥೆಯಲ್ಲಿ ಒಬ್ಬ ಗೌಡ ಕೆಟ್ಟವನಾಗಿದ್ದರೆ 'ನಮ್ಮ ಜಾತಿಗೆ ಅವಮಾನ' ಅನ್ನೋದು, ಪಾತ್ರದ ಬಾಯಲ್ಲಿ ಬಂದ ಮಾತನ್ನು ಲೇಖಕನ ತಲೆಗೆ ಕಟ್ಟೋದು, ಒಂದು ಪ್ಯಾರಾದ ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕೋದು. ಪಾತ್ರ ಆಡಿದ್ದೆಲ್ಲ ಲೇಖಕನ ಅಭಿಪ್ರಾಯ ಅಲ್ಲ ಸ್ವಾಮಿ. ಕುರುಕ್ಷೇತ್ರ ನಾಟಕದಲ್ಲಿ ದುರ್ಯೋಧನನ ಪಾರ್ಟು ಮಾಡಿದವನನ್ನು ಬೆಳಿಗ್ಗೆ ಟೀ ಅಂಗಡಿಯಲ್ಲಿ ಯಾರೂ ಹೊಡೆಯುವುದಿಲ್ಲವಲ್ಲ! ನಾಟಕ ನೋಡುವಾಗ ಇರುವ ಬುದ್ಧಿ ಪುಸ್ತಕ ಹಿಡಿದಾಗ ಎಲ್ಲಿ ಹೋಗುತ್ತದೆ?

'ನಮ್ಮ ಹುಡುಗರಿಗೆ ಪಾಸಾದರೆ ಸಾಕು, ಇದೆಲ್ಲ ಯಾಕೆ' ಅಂತ ಕೇಳುವ ಅಪ್ಪಂದಿರಿಗೆ ನಮ್ಮದೊಂದು ಪ್ರಶ್ನೆ. ಪಿರಿಯಾಪಟ್ಟಣದ ತಂಬಾಕು ಹರಾಜಿನಲ್ಲಿ ರೇಟು ಬಿದ್ದಾಗ 'ಗಲಾಟೆ ಮಾಡಿದ ರೈತರು' ಅಂತ ಯಾರಾದರೂ ಹೇಳಿದರೆ ನಿಮಗೆ ಸಿಟ್ಟು ಬರುತ್ತದೆ. ಯಾಕೆ? ಬ್ಯಾರನ್ ಸೌದೆ, ಕೂಲಿ, ಸಾಲ, ನಿದ್ದೆಗೆಟ್ಟ ರಾತ್ರಿ ಎಲ್ಲ ಬಿಟ್ಟು ಕೊನೆಯ ಗಲಾಟೆಯನ್ನಷ್ಟೇ ಅವರು ನೋಡಿದರು ಅಂತ ತಾನೆ? ಸಾಕವ್ವನ ಮನೆಯಲ್ಲಿ ಬರೀ ಕಳ್ಳತನ ನೋಡುವ ಹುಡುಗ ನಾಳೆ ಆಫೀಸರ್ ಆಗಿ ಬಂದು ನಿಮ್ಮಲ್ಲಿ ಬರೀ ಗಲಾಟೆ ನೋಡುತ್ತಾನೆ.

ಹಾಗಾಗಿ ಮನೆಯಲ್ಲಿ ಮಗು ಕಥೆ ಓದಿ ಮುಗಿಸಿದಾಗ ಬೇರೆ ಥರ ಕೇಳಿ ನೋಡಿ. ಅವನಿಗೆ ಏನು ಬೇಕಿತ್ತು ಮಗಾ? ಯಾವುದು ಅಡ್ಡ ಬಂತು? ಅಡ್ಡ ಬಂದವನಿಗೂ ಒಂದು ಕಾರಣ ಇತ್ತಾ? ಕೊನೆಗೆ ಯಾರು ಏನು ಕಳಕೊಂಡರು? ಓದು ಬರದ ಅಜ್ಜಿ ಕೂಡ ಈ ಪ್ರಶ್ನೆ ಕೇಳಬಹುದು, ಮೇಷ್ಟ್ರೇ ಬೇಕು ಅಂತಿಲ್ಲ. ಮಗು ತಪ್ಪು ಉತ್ತರ ಕೊಟ್ಟರೂ ಬಿಡಿ, ಪುಸ್ತಕದಲ್ಲಿ ಎಲ್ಲಿದೆ ತೋರಿಸು ಅನ್ನಿ, ಸಾಕು.

ಚದುರಂಗರ 'ವೈಶಾಖ'ಕ್ಕೆ 1982ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಮ್ಮ ಕಡೆಯ ಹಳ್ಳಿಯ ಬದುಕನ್ನೇ ಬರೆದ ಕಾದಂಬರಿ. ಹುಣಸೂರು, ಕೆ.ಆರ್. ನಗರ ಕಡೆಯವರು ನಿಮ್ಮ ಪಂಚಾಯ್ತಿ ಲೈಬ್ರರಿಗೆ ಹೋಗಿ ಅದು ಇದೆಯಾ ಅಂತ ಕೇಳಿ. ಇಲ್ಲ ಅಂದರೆ ತರಿಸಿ ಕೊಡಿ ಅಂತ ಬರವಣಿಗೆಯಲ್ಲೇ ಅರ್ಜಿ ಕೊಡಿ, ಬಾಯಿ ಮಾತು ಬೇಡ.