ನಡುವೆ ನಿಂತ ಕಥೆ, ನಿಲ್ಲದ ನಿಷ್ಠೆ

ಕಳೆದ ಶ್ರಾವಣ ಮಾಸದಲ್ಲಿ ಪ್ರವಚನದ ನಿಮಿತ್ತ ತೆಲಸಂಗಕ್ಕೆ ಹೋಗಿದ್ದೆ. ಅಥಣಿ ತಾಲೂಕಿನ ಪೂರ್ವಕ್ಕೆ, ವಿಜಯಪುರದ ಸೀಮೆಗೆ ಸಮೀಪವಾಗಿರುವ ಊರು ಅದು. ಅಂದಿನ ವಿಷಯ ಷಟ್‌ಸ್ಥಲಗಳಲ್ಲಿ ಎರಡನೆಯದಾದ ಮಾಹೇಶ್ವರ ಸ್ಥಲ. ಭಕ್ತನಲ್ಲಿ ಮೊಳೆತ ಶ್ರದ್ಧೆಯು ಮಾಹೇಶ್ವರನಲ್ಲಿ ನಿಷ್ಠೆಯಾಗಿ ಬಲಿಯುತ್ತದೆ. ಅನುಕೂಲವಿದ್ದಾಗ ಇದ್ದು, ಇಲ್ಲದಾಗ ಜಾರಿಹೋಗುವುದು ನಿಷ್ಠೆಯಲ್ಲ ಎಂದು ನನಗೆ ತಿಳಿದಷ್ಟು ವಿವರಿಸಿದೆ.

ಪ್ರಸಾದವಾದ ಮೇಲೆ ಎಪ್ಪತ್ತು ದಾಟಿದ ತಾಯಿಯೊಬ್ಬರು ಬಂದು ಕುಳಿತರು. ಹಣೆಯ ತುಂಬ ವಿಭೂತಿ, ತಲೆಯ ಮೇಲೆ ಸೆರಗು. ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಕೇಳಿದರು:

"ಶಾಸ್ತ್ರಿಗಳ, ಒಂದ್ ಮಾತ್ ಕೇಳ್ತೀನ್ರಿ, ಸಿಟ್ಟಾಗಬ್ಯಾಡ್ರಿ. ಟೀವಿಯೊಳಗ 'ಮಗಳು ಜಾನಕಿ' ಅಂತ ಕಥಿ ಬರ್ತಿತ್ತು. ಕೊರೊನಾ ಬಂದಾಗ ನಡಕ ನಿಂತೋತು. ಇಷ್ಟ ವರ್ಷ ಆದ್ರೂ ಮನಸಿನ್ಯಾಗಿಂದ ಹೋಗವಲ್ದು. ಪೂಜಿಗೆ ಕುಂತಾಗೂ ಒಮ್ಮೊಮ್ಮೆ ಆ ಹುಡಿಗಿ ಏನಾದ್ಲೋ ಅನಸ್ತೈತಿ. ನೀವು ನಿಷ್ಠಿ ನಿಷ್ಠಿ ಅಂದ್ರಿ. ಇದು ನಿಷ್ಠಿನೋ, ಮೋಹನೋ?"

ಪಕ್ಕದಲ್ಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ಕೇಳಿದ್ದು ಧಾರಾವಾಹಿಯ ವಿಷಯವಾದರೂ ಪ್ರಶ್ನೆ ಮಾತ್ರ ಶಾಸ್ತ್ರದ್ದೇ ಆಗಿತ್ತು.

ಟಿ. ಎನ್. ಸೀತಾರಾಂ ಅವರ ಹೆಸರು ಕನ್ನಡದ ಮನೆಗಳಿಗೆ ಹೊಸದಲ್ಲ. 'ಮಾಯಾಮೃಗ', 'ಮನ್ವಂತರ', 'ಮುಕ್ತ' ಧಾರಾವಾಹಿಗಳ ನಂತರ 2018ರಲ್ಲಿ ಕಲರ್ಸ್ ಸೂಪರ್ ವಾಹಿನಿಯಲ್ಲಿ ಅವರ 'ಮಗಳು ಜಾನಕಿ' ಆರಂಭವಾಯಿತು. ಸ್ವಾಭಿಮಾನದಿಂದ ತನ್ನ ಕಾಲ ಮೇಲೆ ತಾನು ನಿಲ್ಲಬಯಸುವ ಹೆಣ್ಣುಮಗಳ ಕಥೆ ಅದು. 2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣವಾಗಿ ಚಿತ್ರೀಕರಣಗಳೆಲ್ಲ ನಿಂತವು. ಮುಂದೆ ಹಲವು ಧಾರಾವಾಹಿಗಳು ಮರಳಿ ಬಂದವು, ಜಾನಕಿ ಬರಲಿಲ್ಲ. ಕಥೆ ತೀರದೆಯೇ ಪ್ರಸಾರ ತೀರಿತು.

"ಯವ್ವಾ, ಆ ಕಥೆ ದಿನಾಲೂ ಚೆನ್ನಾಗಿರ್ತಿತ್ತೇನು?" ಎಂದು ಕೇಳಿದೆ. ತಾಯಿ ಮುಚ್ಚಿಡಲಿಲ್ಲ. "ಎಲ್ಲಿದ್ರಿ! ಕೋರ್ಟಿನ ಮಾತು ವಾರಗಟ್ಲೆ ಎಳೀತಿದ್ರು. ಒಂದೊಂದ್ ದಿನ ಏನೂ ನಡೀತಾನ ಇರಲಿಲ್ಲ. ಸೊಸಿ ಬೈಕೋತನ ನೋಡ್ತಿದ್ಲು. ಆದ್ರ ಮರುದಿನ ಮತ್ತ ಮೂರೂ ಮಂದಿ ಕೂಡತಿದ್ವಿ."

ಆ ಮೂವರೆಂದರೆ ಅತ್ತೆ, ಸೊಸೆ ಮತ್ತು ಮೊಮ್ಮಗಳು.

ಈ ಉತ್ತರ ನನ್ನನ್ನು ಹಳೆಯದೊಂದು ತಪ್ಪಿನತ್ತ ಒಯ್ದಿತು. 1987ರಲ್ಲಿ ಮಠದಲ್ಲಿ ಅಧ್ಯಯನ ಮುಗಿಸಿ, ಪ್ರಸಾದ ನಿಲಯದ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಆ ವರ್ಷದ ಜನವರಿಯಿಂದ ದೂರದರ್ಶನದಲ್ಲಿ ರಮಾನಂದ ಸಾಗರರ 'ರಾಮಾಯಣ' ಭಾನುವಾರ ಮುಂಜಾನೆ ಬರತೊಡಗಿತ್ತು. ಮಕ್ಕಳು ಹೋಗಕೂಡದೆಂದು ಕಟ್ಟಪ್ಪಣೆ ಮಾಡಿದ್ದೆ. ಹನ್ನೊಂದು ವರ್ಷದ ಬಾಲಕನೊಬ್ಬ ಪಕ್ಕದ ಊರಿಗೆ ನಡೆದುಹೋಗಿ, ಯಾರದೋ ಪಡಸಾಲೆಯ ಕಿಟಕಿಯಲ್ಲಿ ನಿಂತು ನೋಡಿ ಬಂದ. ಅವನಿಗೆ ಶಿಕ್ಷೆ ಕೊಟ್ಟೆ. ಏನು ನೋಡಿದೆ, ಏನು ತಿಳಿದೆ ಎಂದು ಒಂದು ಮಾತು ಕೇಳಲಿಲ್ಲ. ಸಾಧಕನ ಸಂಯಮ ಬೇರೆ, ಬಾಲಕನ ಕುತೂಹಲ ಬೇರೆ ಎಂಬ ವಿವೇಕ ನನಗಾಗ ಇರಲಿಲ್ಲ. ಅನಂತರ ಬಹುಕಾಲ ಪ್ರವಚನಗಳಲ್ಲಿಯೂ ದೂರದರ್ಶನವನ್ನು ಹಳಿಯುತ್ತಲೇ ಬಂದೆ. ನೋಡುವವರ ಮನಸ್ಸಿನಲ್ಲಿ ಏನು ನಡೆಯುತ್ತದೆಂದು ವಿಚಾರಿಸುವ ಗೋಜಿಗೆ ಹೋಗಲಿಲ್ಲ.

ವಿಚಾರಿಸಿದ್ದರೆ ಆಗಲೇ ಕಲಿಯಬಹುದಾದ ಪಾಠವೊಂದಿತ್ತು. ಅದೇ 'ರಾಮಾಯಣ' 1988ರ ಜುಲೈ ಕೊನೆಯಲ್ಲಿ ಪಟ್ಟಾಭಿಷೇಕದೊಂದಿಗೆ ಮುಗಿಯುವುದೆಂದಾಗ, ಪಂಜಾಬದ ಜಲಂಧರ ಮೊದಲಾದ ಉತ್ತರ ಭಾರತದ ಪಟ್ಟಣಗಳಲ್ಲಿ ಪೌರ ಕಾರ್ಮಿಕರು ಕೆಲಸ ನಿಲ್ಲಿಸಿದರು. ಅವರಲ್ಲಿ ಬಹಳ ಜನ ವಾಲ್ಮೀಕಿ ಸಮುದಾಯದವರು. ಸೀತೆಗೆ ವಾಲ್ಮೀಕಿ ಆಶ್ರಯ ಕೊಟ್ಟದ್ದು, ಲವ ಕುಶರನ್ನು ಬೆಳೆಸಿದ್ದು ಉತ್ತರಕಾಂಡದಲ್ಲಿ. ಅದನ್ನು ಬಿಟ್ಟರೆ ತಮ್ಮ ಋಷಿಯ ಕಥೆಯನ್ನೇ ಬಿಟ್ಟಂತೆ ಎಂಬುದು ಅವರ ಅಳಲು. ಮುಂದಿನ ಕಥೆ ತೆರೆಗೆ ಬಂದಿತು. ದಿನವೂ ಊರಿನ ಕಸ ಬಳಿಯುವ ಜನ, ಕಥೆಯಲ್ಲಿ ತಮಗಿರುವ ಪಾಲನ್ನು ಕೇಳಿ ಪಡೆದರು.

ನಮ್ಮ ನಾಡಿನಲ್ಲಿಯೂ ಇಂಥದೇ ನಡೆಯಿತು. 2020ರಲ್ಲಿ ಜೀ ಕನ್ನಡ ವಾಹಿನಿಯಲ್ಲಿ ಡಾ. ಅಂಬೇಡ್ಕರರ ಜೀವನದ 'ಮಹಾನಾಯಕ' ಹಿಂದಿಯಿಂದ ಕನ್ನಡಕ್ಕೆ ಡಬ್ ಆಗಿ ಬಂದಿತು. ಅದನ್ನು ನಿಲ್ಲಿಸುವಂತೆ ಬೆದರಿಕೆಯ ಕರೆಗಳು ಬರುತ್ತಿವೆಯೆಂದು ವಾಹಿನಿಯ ಮುಖ್ಯಸ್ಥರೇ ಬಹಿರಂಗವಾಗಿ ತಿಳಿಸಿದರು. ಆಗ ಊರೂರುಗಳಲ್ಲಿ, ಕೇರಿ ಕೇರಿಗಳಲ್ಲಿ ಜನ ತಾವೇ ಹಣ ಹಾಕಿ ಬ್ಯಾನರ್ ಕಟ್ಟಿದರು. ಪ್ರಸಾರ ನಿಲ್ಲಲಿಲ್ಲ. ಡಬ್ ಆದ ಮಾತು ಬಾಯಿಗೆ ಹೊಂದದಿದ್ದರೂ ಅವರು ಅದನ್ನು ಲೆಕ್ಕಿಸಲಿಲ್ಲ. ಕುಡಿಯುವ ನೀರಿಗಾಗಿ ಹೋರಾಡಿದ ಮಹಾಪುರುಷನ ಕಥೆಯನ್ನು ಮನೆಮಂದಿಯೆಲ್ಲ ಕೂಡಿ ನೋಡುವುದೇ ಅವರಿಗೆ ಮುಖ್ಯವಾಗಿತ್ತು.

ಹೊರದೇಶಗಳಲ್ಲಿಯೂ ಈ ಬಗೆಯ ನಿಷ್ಠೆ ಉಂಟು. ಅಮೆರಿಕೆಯಲ್ಲಿ 1966ರಲ್ಲಿ ಆರಂಭವಾದ 'ಸ್ಟಾರ್ ಟ್ರೆಕ್' ನಿಲ್ಲುವ ಸೂಚನೆ ಕಂಡಾಗ, ನೋಡುಗರು ರಾಶಿ ರಾಶಿ ಪತ್ರ ಬರೆದು ಅದನ್ನು ಉಳಿಸಿಕೊಂಡರು. ಹಾಗೆ ಉಳಿದು ಬಂದ ಮೂರನೆಯ ವರ್ಷದ ಕಂತುಗಳು ಮೊದಲಿನಷ್ಟು ಸೊಗಸಾಗಿರಲಿಲ್ಲವೆಂಬ ಮಾತು ಅಭಿಮಾನಿಗಳಲ್ಲಿಯೇ ಇದೆ. 1969ರಲ್ಲಿ ಅದು ನಿಂತೇ ಹೋಯಿತು. ಅಭಿಮಾನ ನಿಲ್ಲಲಿಲ್ಲ, ಹತ್ತು ವರ್ಷಗಳ ಮೇಲೆ ಚಲನಚಿತ್ರವಾಗಿ ಮರಳಿ ಬಂದಿತು. ಇಂಗ್ಲೆಂಡಿನ 'ಡಾಕ್ಟರ್ ಹೂ' ಎಂಬ ಧಾರಾವಾಹಿಯದು ಇನ್ನೂ ವಿಚಿತ್ರ. ಅದರ ಎಷ್ಟೋ ಹಳೆಯ ಕಂತುಗಳನ್ನು ಪ್ರಸಾರ ಸಂಸ್ಥೆಯೇ ಅಳಿಸಿಹಾಕಿತು. ಆದರೆ ಮನೆಯಲ್ಲಿ ಕುಳಿತು ನೋಡುತ್ತಿದ್ದ ಕೆಲವರು ಧ್ವನಿಯನ್ನು ಟೇಪಿನಲ್ಲಿ ಹಿಡಿದಿಟ್ಟಿದ್ದರು. ಚಿತ್ರ ಹೋದರೂ ಕಳೆದ ಕಂತುಗಳ ಮಾತೆಲ್ಲ ಉಳಿದದ್ದು ಆ ಸಾಮಾನ್ಯರಿಂದ.

ಇದನ್ನು ಓದಿದಾಗ ನನಗೆ ನೆನಪಾದವರು ವಿಜಯಪುರದ ಫ. ಗು. ಹಳಕಟ್ಟಿಯವರು. ಹೋಲಿಕೆ ಅತಿಯಾಯಿತೆಂದು ಓದುಗರು ಮುನಿಯಬಾರದು. ವಚನವೆಲ್ಲಿ, ಧಾರಾವಾಹಿಯೆಲ್ಲಿ! ಆದರೆ ನಿಷ್ಠೆಯ ಕೆಲಸದ ರೀತಿ ಒಂದೇ. ಕಲ್ಯಾಣದ ಅನುಭಾವವೂ ನಡುವೆ ತುಂಡಾದ ಕಥೆಯೇ ಅಲ್ಲವೆ? ಶರಣರು ಚದುರಿದರು. ವಚನದ ಕಟ್ಟುಗಳು ಮನೆಮನೆಯ ಜಗಲಿಗಳಲ್ಲಿ, ಮಠಗಳ ಮೂಲೆಗಳಲ್ಲಿ ಉಳಿದವು. ಓದಲು ಬಾರದಿದ್ದರೂ ಅವಕ್ಕೆ ವಿಭೂತಿ ಹಚ್ಚಿ ಪೂಜಿಸಿ ಕಾಯ್ದವರು ಸಾಮಾನ್ಯ ಮನೆತನದವರು. ವಕೀಲರಾಗಿದ್ದ ಹಳಕಟ್ಟಿಯವರು ಊರೂರು ತಿರುಗಿ ಆ ಓಲೆಗಳನ್ನು ಕೂಡಿಸಿದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭಿಸಿದರು. ದೊರೆತ ಓಲೆಗಳೆಲ್ಲ ಪೂರ್ಣವಾಗಿರಲಿಲ್ಲ, ಪಾಠಗಳೆಲ್ಲ ಶುದ್ಧವಾಗಿರಲಿಲ್ಲ. ಕೊರತೆಯಿದೆಯೆಂದು ಅವರು ಕೈಬಿಟ್ಟಿದ್ದರೆ ಇಂದು ನಮ್ಮ ಕೈಯಲ್ಲಿ ಏನಿರುತ್ತಿತ್ತು?

ತಾಯಿಗೆ ನಾನು ಹೇಳಿದ್ದಿಷ್ಟು: ಮೋಹಕ್ಕೆ ದೋಷ ಕಾಣುವುದಿಲ್ಲ, ಕಂಡವರ ಮೇಲೆ ಅದು ಸಿಟ್ಟಾಗುತ್ತದೆ. ನಿಷ್ಠೆಗೆ ದೋಷ ಕಾಣುತ್ತದೆ. ಕಂಡೂ ಅದು ಕೂಡಿರುತ್ತದೆ. ಎಳೆದ ದಿನವನ್ನು ಎಳೆದದ್ದೆಂದೇ ಹೇಳಿದಿರಿ, ಆದ್ದರಿಂದ ನಿಮ್ಮದು ಬರಿಯ ಮೋಹವಲ್ಲ. ಆದರೆ ಇನ್ನೊಂದು ಒರೆಗಲ್ಲಿದೆ. ನೋಡಿದ್ದು ನಡೆಯಲ್ಲಿ ಎಲ್ಲಿಗೆ ಬಂದಿದೆ? ಲಿಂಗಪೂಜೆಯ ಹೊತ್ತನ್ನು ಕಥೆ ನುಂಗಿದರೆ ಅದು ವ್ಯಸನ. ಕಥೆಯಲ್ಲಿ ಮೆಚ್ಚಿದ್ದನ್ನು ಮನೆಯಲ್ಲಿ ಮಾಡಲು ಅಂಜಿದರೆ ಅದು ಬರಿಯ ಕಾಲಹರಣ.

ತಾಯಿ ತಲೆ ತಗ್ಗಿಸಿದರು. ಬಳಿಕ ನಿಜವಾದ ಮಾತು ಹೊರಬಿದ್ದಿತು. ಮೊಮ್ಮಗಳು ಅಥಣಿಗೆ ಬಸ್ಸಿನಲ್ಲಿ ಹೋಗಿ ಬಂದು ಪದವಿ ಓದುತ್ತಿದ್ದಾಳೆ. ಇನ್ನೊಂದು ವರ್ಷ ಉಳಿದಿದೆ. ಒಳ್ಳೆಯ ಮನೆತನದ ಸಂಬಂಧ ಬಂದಿದೆ, ಓದು ಬಿಡಿಸಬೇಕೆಂದು ಮಗ ಹೇಳುತ್ತಿದ್ದಾನೆ. ಹಿಂದೆ ಸಂಜೆ ಮೂವರೂ ಕೂಡುತ್ತಿದ್ದಾಗ ಜಾನಕಿಯ ನೆವದಿಂದ ಎಲ್ಲ ಮಾತೂ ಆಡುತ್ತಿದ್ದರಂತೆ. ಜಾನಕಿ ಮಾಡಿದ್ದು ಸರಿಯೋ ತಪ್ಪೋ ಎಂದು ಸೊಸೆ ವಾದಿಸಿದರೆ, ತನ್ನ ಮನಸ್ಸಿನಲ್ಲಿದ್ದುದನ್ನು ಮೊಮ್ಮಗಳು ಹೇಳುತ್ತಿದ್ದಳಂತೆ. ಕಥೆ ನಿಂತಿತು; ಕೂಡುವುದೂ ನಿಂತಿತು. ಈಗ ಹುಡುಗಿ ಊಟ ಮಾಡಿ ಒಳಗೆ ಹೋಗುತ್ತಾಳೆ, ಏನೂ ಹೇಳುವುದಿಲ್ಲ.

ಪೂಜೆಯಲ್ಲಿ ಆ ತಾಯಿಯನ್ನು ಕಾಡುತ್ತಿದ್ದ ಹುಡುಗಿ ಯಾರೆಂಬುದು ನನಗೆ ಆಗ ತಿಳಿಯಿತು.

"ಯವ್ವಾ, ಟೀವಿ ಇರದಿದ್ರೂ ಮೂವರೂ ಕೂಡ್ರಿ. ಮೊದಲು ಆಕೀನ್ನ ಕೇಳ್ರಿ. ಆಮ್ಯಾಲೆ ಮಗನ ಮುಂದ ನೀವು ಮಾತಾಡ್ರಿ" ಎಂದೆ. "ನನ್ನ ಮಾತ್ ಕೇಳ್ತಾನೇನ್ರಿ ಅವ?" ಎಂದರು. "ಕೇಳ್ತಾನೋ ಬಿಡ್ತಾನೋ, ಹೇಳೋದು ನಿಮ್ಮ ಪಾಲಿಂದು" ಎಂದೆ. ಅವರು ಶರಣು ಹೇಳಿ, ಸೆರಗು ಸರಿಪಡಿಸಿಕೊಂಡು ಎದ್ದರು.

ಓದುಗ ತಾಯಂದಿರೇ, ತಂದೆಯರೇ, ನಿಮ್ಮ ಮನೆಯಲ್ಲಿಯೂ ಯಾವುದೋ ಕಥೆ ನಡೆದಿರಬಹುದು, ಯಾವುದೋ ನಡುವೆ ನಿಂತಿರಬಹುದು. ಅದನ್ನು ನೋಡಿದವರನ್ನು ಹಳಿಯುವ ಮೊದಲು, ಅದರಲ್ಲಿ ಅವರು ಯಾರನ್ನು ಕಾಣುತ್ತಿದ್ದಾರೆಂದು ಒಮ್ಮೆ ಕೇಳಿರಿ. ನಾನು ಆ ಹನ್ನೊಂದು ವರ್ಷದ ಬಾಲಕನನ್ನು ಕೇಳದೆ ಹೋದೆ.